ಪ್ರಾಂಪ್ಟರಕ್ಕ ಎದ್ದು ಹೋದ ಹೊತ್ತು

ನಾಟಕ ಕಂಪನಿಯಲ್ಲಿ ಎಲ್ಲರೂ ಅವರನ್ನು ಪ್ರಾಂಪ್ಟರಕ್ಕ ಎನ್ನುತ್ತಿದ್ದರು. ವೇದಿಕೆಯ ಅಂಚಿನಲ್ಲೊಂದು ಗುಂಡಿ, ಅದರೊಳಗೆ ಸ್ಟೂಲು, ಪುಟ್ಟ ದೀಪ. ಅಲ್ಲಿ ಕೂತು ಮಾತು ಮರೆತವರಿಗೆ ಪಿಸುದನಿಯಲ್ಲಿ ಎತ್ತಿಕೊಡುವುದು ಅಕ್ಕನ ಕೆಲಸ. ಮರೆಯುವವರಲ್ಲಿ ಮೊದಲಿಗ ಕಂಪನಿಯ ಹೀರೋ. ಮೀಸೆ ತಿರುವುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬಾಯಿಪಾಠ ಮಾಡು ಅಂದರೆ ಮಾತ್ರ "ಅಕ್ಕ ಇದ್ದಾರಲ್ಲ" ಅಂತ ನುಣುಚಿಕೊಳ್ಳುವ ಮೈಗಳ್ಳ. ಬೈಯುತ್ತಲೇ ಅಕ್ಕ ಅವನನ್ನು ಸ್ವಂತ ತಮ್ಮನಂತೆ ಸಂಭಾಳಿಸಿಕೊಂಡು ಬಂದಿದ್ದರು.

ಐವತ್ತು ದಾಟಿದ ಮೇಲೆ ಅಕ್ಕನಿಗೊಂದು ಪೇಚಾಟ ಶುರುವಾಯಿತು. ಒಂದಕ್ಕೆ ಅವಸರವಾದರೆ ತಡೆಯಲು ಆಗದು. ಕೆಮ್ಮಿದರೆ, ಸೀನಿದರೆ, ಹೀರೋನ ಪೆದ್ದುತನಕ್ಕೆ ನಕ್ಕರೂ ಬಟ್ಟೆ ಒದ್ದೆ. ಅಂಕದ ನಡುವೆ ಗುಂಡಿ ಬಿಟ್ಟು ಏಳುವಂತಿಲ್ಲ. ಹೇಳಿಕೊಳ್ಳಲು ನಾಚಿಕೆ, ಹೇಳಿದರೆ ಕೆಲಸ ಕೈತಪ್ಪೀತೆಂಬ ಭಯ. ಆ ಗುಂಡಿಯೇ ಅವರ ಪ್ರಪಂಚವಾಗಿತ್ತು. ಹಾಗಾಗಿ ತಾವೇ ಒಂದು ಮದ್ದು ಕಂಡುಕೊಂಡರು: ನಾಟಕವಿದ್ದ ದಿನ ಬೆಳಗಿನಿಂದ ತೊಟ್ಟು ನೀರೂ ಕುಡಿಯುತ್ತಿರಲಿಲ್ಲ.

ಮಾತು ಎತ್ತಿಕೊಟ್ಟು ಬದುಕುವವರು ಗಂಟಲು ಒಣಗಿಸಿಕೊಂಡರೆ ಆಗುವುದೇನು? ಒಂದು ಸಂಜೆ ಕೊನೆಯ ಅಂಕದ ಉದ್ದ ಮಾತಿನ ನಡುವೆ ಹೀರೋ ಎಂದಿನಂತೆ ಗುಂಡಿಯತ್ತ ಕಣ್ಣು ಹಾಯಿಸಿದ. ಅಕ್ಕ ಬಾಯಿ ತೆರೆದರು, ದನಿಯೇ ಹೊರಡಲಿಲ್ಲ. ಅವನು ಮೇಲಿಂದ ಮೇಲೆ "ಎಲೈ ಸೇನಾಪತಿ" ಎಂದು ಗರ್ಜಿಸಿ, ಕೊನೆಗೆ "ಮಿಕ್ಕದ್ದು ಆಮೇಲೆ ಹೇಳುತ್ತೇನೆ" ಎಂದು ಒಳಗೆ ನಡೆದುಬಿಟ್ಟ. ಜನ ಬಿದ್ದು ಬಿದ್ದು ನಕ್ಕರು.

ಪರದೆ ಬಿದ್ದ ಮೇಲೆ ಹೀರೋ ಬುಸುಗುಟ್ಟುತ್ತ ಬಂದ. "ಏನಕ್ಕಾ, ನನ್ನ ಮಾನ ಹರಾಜು ಹಾಕ್ಬಿಟ್ರಲ್ಲ!"

ಅಕ್ಕ ಗಟಗಟ ನೀರು ಕುಡಿದು, "ನಿಂಗೆ ಮಾನದ್ದೇ ಚಿಂತೆ. ನನ್ನ ಪಾಡು ಕೇಳು" ಎಂದು ಅಳುತ್ತ ಎಲ್ಲ ಹೇಳಿಬಿಟ್ಟರು.

ಹೀರೋ ತಲೆ ಕೆರೆದುಕೊಂಡ. "ಇಷ್ಟಕ್ಕೆ ನೀರು ಬಿಟ್ಟು ಸಾಯ್ತಿದ್ರಾ? ನನ್ ಹೆಂಡ್ತಿಗೂ ಹೆರಿಗೆ ಆದ್ಮೇಲೆ ಹೀಗೇ ಆಗಿತ್ತು. ನಡೀರಿ ಡಾಕ್ಟರ ಹತ್ರ."

ಡಾಕ್ಟರಮ್ಮ ಪರೀಕ್ಷೆ ಮಾಡಿ, ಮೊದಲು ಗದರಿದರು. ನೀರು ಬಿಟ್ಟರೆ ಮೂತ್ರ ಗಾಢವಾಗಿ ಅವಸರ ಇನ್ನೂ ಹೆಚ್ಚಬಹುದಂತೆ. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮ ಹೇಳಿಕೊಟ್ಟು, "ಗುಣ ಕಾಣೋಕೆ ಕೆಲವು ತಿಂಗಳು ಬೇಕು. ಅಲ್ಲೀವರೆಗೆ ಹೊತ್ತು ಹೊತ್ತಿಗೆ ಹೋಗಿ ಬನ್ನಿ" ಎಂದರು.

"ಕೊನೇ ಅಂಕ ಅಷ್ಟುದ್ದ ಇದೆ, ಯಾವಾಗ ಏಳೋದು?" ಹೊರಗೆ ಬಂದ ಅಕ್ಕನ ಮುಖ ಇಷ್ಟೇ ಇಷ್ಟಾಗಿತ್ತು.

"ನನ್ನ ಉದ್ದ ಮಾತಿದೆಯಲ್ಲ, ಆಗ ಹೋಗ್ಬನ್ನಿ. ಬಾಯಿಪಾಠ ಮಾಡ್ತೀನಿ."

"ನೀನಾ!" ಅಕ್ಕ ಅಳುವಿನಲ್ಲೂ ನಕ್ಕರು.

ಅದೇ ನಾಟಕದ ಮುಂದಿನ ಪ್ರದರ್ಶನದಲ್ಲಿ ಆ ಮಾತು ಬಂತು. ಹೀರೋ ಗುಂಡಿಯತ್ತ ತಿರುಗಿಯೂ ನೋಡದೆ ಶುರು ಮಾಡಿದ. ಅಕ್ಕ ಜೀವ ಕೈಯಲ್ಲಿ ಹಿಡಿದುಕೊಂಡು ಎದ್ದರು. ವೇದಿಕೆಯ ಹಿಂದಿನ ಶೌಚಾಲಯದೊಳಕ್ಕೂ ಅವನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಎಲ್ಲೂ ತಡವರಿಸದೆ ಮುಗಿಸಿಬಿಟ್ಟ! ಚಪ್ಪಾಳೆ ಬಿತ್ತು. ಆಗ ಅಕ್ಕನಿಗೆ ನೆನಪಾಯಿತು. ಮುಂದಿನ ಮಾತು ಅವನಿಗೆ ಬಾರದಲ್ಲ!

ಎದ್ದೆನೋ ಬಿದ್ದೆನೋ ಎಂದು ಓಡಿಬಂದು ನೋಡಿದರೆ, ಹೀರೋ ಖಾಲಿ ಸ್ಟೂಲನ್ನು ಓರೆಗಣ್ಣಲ್ಲಿ ನೋಡಿ, ಬೆವರೊರೆಸಿಕೊಂಡು, "ಸರಿಯಾಗಿ ಕೇಳಿಸಿತೇನಯ್ಯಾ ಸೇನಾಪತಿ? ಇನ್ನೊಮ್ಮೆ ಹೇಳುತ್ತೇನೆ" ಎಂದು ಅದೇ ಉದ್ದ ಮಾತನ್ನು ಮೊದಲಿನಿಂದ ಎತ್ತಿಕೊಂಡಿದ್ದ. ಎರಡನೇ ಸಲವೂ ಒಂದಕ್ಷರ ತಪ್ಪಲಿಲ್ಲ.