ತಂಬಾಕು ಸಾಹುಕಾರರ ನಿದ್ದೆಗೆ ಕ್ಲಾರಿಯೊನೆಟ್

ಜಮಾಲಸಾಬ ನಮ್ಮ ಬ್ಯಾಂಡಿನಲ್ಲಿ ಮೂವತ್ತು ವರ್ಷ ಕ್ಲಾರಿಯೊನೆಟ್ ಊದಿದ. ಮೊದಲು ನನ್ನ ಅಪ್ಪನ ಕೈಕೆಳಗೆ, ಅಪ್ಪ ಹೋದ ಮೇಲೆ ನನ್ನ ಕೈಕೆಳಗೆ. ನಿಪ್ಪಾಣಿಯ ಸುತ್ತಮುತ್ತ ಅವನ ಉಸಿರಿಗೆ ಕುಣಿಯದ ಮದುವೆ ಮಂದಿಯಿಲ್ಲ. ಆದರೆ ಮನುಷ್ಯ ಮಾತ್ರ ಶುದ್ಧ ಎತ್ತು. ಬ್ಯಾಂಡಿನವರಿಗೆ ಒಂದು ರೂಢಿ ಉಂಟು: ವರಾತ, ಅಂದರೆ ಮದುವೆಯ ಮೆರವಣಿಗೆ, ಮನೆ ಮುಟ್ಟಿದ ಮೇಲೂ ಯಜಮಾನ ಕೈ ಎತ್ತಿ ಸಾಕು ಅನ್ನುವ ತನಕ ವಾದ್ಯ ಕೆಳಗಿಳಿಸುವಂತಿಲ್ಲ. ನಾವೆಲ್ಲ ಇದರಲ್ಲಿ ಕಳ್ಳಾಟ ಆಡುತ್ತಿದ್ದೆವು. ಅವನು ಆಡುತ್ತಿರಲಿಲ್ಲ. ಒಮ್ಮೆ ಕಾಗವಾಡದಲ್ಲಿ ವರನ ಅಪ್ಪ ಕುಡಿದು ಕಟ್ಟೆಯ ಮೇಲೆ ಉರುಳಿಬಿಟ್ಟ. ಕೈ ಎತ್ತುವವರೇ ಇಲ್ಲ. ಜಮಾಲಸಾಬ ಒಬ್ಬನೇ ಮುಕ್ಕಾಲು ತಾಸು ಊದಿದ. ನಾವು ಚಹಾ ಕುಡಿಯುತ್ತ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಡಿಜೆ ಬಂದು ನಮ್ಮೆಲ್ಲರ ಹೊಟ್ಟೆಯ ಮೇಲೆ ಹೊಡೆಯಿತು. ಹನ್ನೆರಡು ಮಂದಿಯ ಬ್ಯಾಂಡು ನಾಲ್ಕಕ್ಕೆ ಇಳಿಯಿತು. ಜಮಾಲಸಾಬನ ಹೆಂಡತಿ ಮಮತಾಜ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದಳು. ಅವಳೂ ಹಾಸಿಗೆ ಹಿಡಿದಳು. ಬೆನ್ನುಮೂಳೆಯಲ್ಲಿ ಗಡ್ಡೆ. ಕೊಲ್ಹಾಪುರದ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಕತ್ತಲಾದರೆ ನೋವು ಏರುತ್ತಿತ್ತು, ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ.

ಅದೇ ಹೊತ್ತಿಗೆ ತಂಬಾಕು ವ್ಯಾಪಾರಿ ದಾದಾಸಾಹೇಬರಿಗೂ ನಿದ್ದೆ ಕೆಟ್ಟಿತ್ತು. ಮಲಗುವಾಗ ಮೆತ್ತಗಿನ ಸಂಗೀತ ಕೇಳಿ ಎಂದು ಯಾರೋ ವೈದ್ಯರು ಹೇಳಿದ್ದರಂತೆ. ಅವರು ನನಗೆ ಹೇಳಿಕಳಿಸಿದರು.

"ಮೊಬೈಲನ್ಯಾಗ ಹಾಡ ಕೇಳಿ ಮಲಗಾಕ ನಾ ಏನ್ ಹಮಾಲನೇನೋ? ಊದಾಂವ ಒಬ್ಬನ್ನ ಕಳಸು. ಬಾಗಲದಾಗ ಕುಂತು ಊದಲಿ."

ನಾನು ಜಮಾಲಸಾಬನನ್ನು ಕಳಿಸಿದೆ. ಅವನಿಗೆ ಉಪಕಾರ ಮಾಡಿದೆ ಎಂದು ನಾಲ್ಕು ದಿನ ಎದೆ ಉಬ್ಬಿಸಿಕೊಂಡು ತಿರುಗಿದ್ದೂ ಹೌದು.

ಮೊದಲ ದಿನ ಒಂಬತ್ತಕ್ಕೆ ಅವನು ಕೋಣೆಯ ಹೊರಗೆ ಚಾಪೆ ಹಾಸಿಕೊಂಡು ಶುರುಮಾಡಿದ. ಹತ್ತು ನಿಮಿಷಕ್ಕೆ ಸಾಹುಕಾರರ ಗೊರಕೆ. ಮಲಗಿದ ಮನುಷ್ಯ ಕೈ ಎತ್ತುತ್ತಾನೆಯೇ? ಇವನು ಊದುತ್ತಲೇ ಇದ್ದ. ಸಾಹುಕಾರರ ಸೊಸೆ ನೀಲಮ ಪಡಸಾಲೆಯಲ್ಲಿ ಧಾರಾವಾಹಿಗಳನ್ನೆಲ್ಲ ಮುಗಿಸಿ, ಹನ್ನೊಂದಕ್ಕೆ ಎದ್ದು ಬಂದು, "ಚಾಚಾ, ಬಾಗ್ಲಾ ಹಾಕೂದೈತಿ, ಹೋಗ್ರಿ" ಅಂದಾಗ ನಿಲ್ಲಿಸಿದ. ಮರುದಿನವೂ ಅಷ್ಟೇ. ಅದೇ ಪದ್ಧತಿಯಾಯಿತು. ನಾನು ಅವನಂತೆ ಕೆನ್ನೆ ಉಬ್ಬಿಸಿ ತೋರಿಸಿ ಚಹಾದಂಗಡಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದೆ.

ಮಮತಾಜಳನ್ನು ನೋಡಲು ಹೋದ ದಿನ ಮಾತ್ರ ನಗು ಬರಲಿಲ್ಲ. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ನನ್ನ ದನಿ ಕೇಳಿ ನಿಧಾನಕ್ಕೆ ಹೊರಳಿದಳು.

"ಜ್ಞಾನಬಾ, ನಿಮ್ಮ ಚಾಚಾಗ ನೀನರ ಒಂದ್ ಮಾತ ಹೇಳಪ್ಪಾ. ಮಲಗೂ ಹೊತ್ತಿನ್ಯಾಗ ನನ್ನ ಕಡೆ ಕುಂತು ಒಂದ್ ಹತ್ತ ಮಿನಿಟ ಊದಲಿ. ಮಕ್ಕಳು ಸಣ್ಣವಿದ್ದಾಗ ಊದತಿದ್ರು, ಮಕ್ಕಳಕಿಂತ ಮೊದಲ ನನಗ ಕಣ್ಣ ಹತ್ತತಿದ್ದು. ಈಗ ಕೇಳಿದ್ರ ನಾಳೆ ಅಂತಾರ. ದಿನಾ ನಾಳೆ."

ನಾನು ಹೇಳಿದೆ. ಜಮಾಲಸಾಬ ತುಟಿ ತೋರಿಸಿದ. ಎರಡು ಕಡೆ ಒಡೆದಿತ್ತು. "ಮನಿಗೆ ಬರೂದ್ರಾಗ ಉಸರ ಇರೂದಿಲ್ಲೋ, ಜ್ಞಾನಬಾ" ಎಂದ. ಸಾಹುಕಾರ ಮಲಗಿದ ಕೂಡಲೇ ಎದ್ದು ಬಾ, ಯಾರು ಕೇಳುತ್ತಾರೆ ಎಂದೆ. ಅವನು ನನ್ನನ್ನು ಕಳ್ಳತನ ಹೇಳಿಕೊಟ್ಟವನಂತೆ ನೋಡಿದ. "ಸಾಕು ಅನ್ನಲಾರದ ಹೆಂಗ ಏಳ್ಲಿ?" ಎಂದ. ಇಂಥ ದಡ್ಡನಿಗೆ ಏನು ಹೇಳುವುದು ಎಂದು ನಾನು ಸೈಕಲ್ ಹತ್ತಿದೆ.

ಮಮತಾಜ ಸತ್ತದ್ದು ಒಂದು ಸೋಮವಾರ, ರಾತ್ರಿ ಒಂಬತ್ತೂವರೆಗೆ. ಊದುವಾಗ ಅವನು ಫೋನ್ ಬಂದ್ ಮಾಡಿಡುತ್ತಿದ್ದ. ನೆರೆಮನೆಯವರು ನನಗೆ ಹೇಳಿದರು. ನಾನು ಓಡಿದೆ. ಸಾಹುಕಾರರ ಮನೆಯ ಮೆಟ್ಟಿಲಲ್ಲೇ ನಿಂತು ಹುಚ್ಚನಂತೆ ಕೂಗಿದೆ. ಜಮಾಲಸಾಬ ಕ್ಲಾರಿಯೊನೆಟ್ ಬಾಯಿಂದ ತೆಗೆದ. ನನ್ನ ಮುಖ ನೋಡಿ, ಏನೂ ಕೇಳದೆ, ಚಪ್ಪಲಿಯನ್ನೂ ಮೆಟ್ಟದೆ ಕೆಳಗಿಳಿದು ಹೋದ.

ಸಾಹುಕಾರರು ಎದ್ದರೇನೋ ಎಂದು ನಾನು ಕೋಣೆಯೊಳಗೆ ಇಣುಕಿದೆ. ಗೊರಕೆ ಹಾಗೇ ಇತ್ತು.

"ಏಳೂದಿಲ್ಲ ಬಿಡ್ರಿ, ಅಣ್ಣಾರ" ಎಂದಳು ನೀಲಮ. "ಎಂಟೂವರಿಗೆ ಹಾಲಿನ ಕೂಡ ನಿದ್ದಿ ಗುಳಿಗಿ ತಗೋತಾರ. ಚಾಚಾ ಊದಾಕ ಬರೂ ಮೊದಲಿಂದನೂ ಹಂಗ. ಮನಿ ಮ್ಯಾಲ ಡೋಲ ಬಾರಿಸಿದ್ರೂ ಎಚ್ಚರಾಗೂದಿಲ್ಲ."

"ಮತ್ತ ಈ ಊದೂದ್ಯಾಕ್ರಿ?"

"ನಾಕ ಮಂದಿ ಮುಂದ ಹೇಳಾಕ. ನಮ್ಮ ಮಾವಾರ್ನ ಮಲಗಿಸಾಕ ಒಬ್ಬ ಮನಷ್ಯಾ ಬರತಾನ ಅಂತ."

ನನಗೆ ಮೈ ಉರಿಯಿತು. ಅವರು ಮಾಡಿದ್ದಕ್ಕೂ ಉರಿಯಿತು, ಅವನನ್ನು ಅಲ್ಲಿಗೆ ಕಳಿಸಿದವನು ನಾನೇ ಎಂಬುದಕ್ಕೂ ಉರಿಯಿತು. ಎರಡನೆಯದನ್ನು ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಮಣ್ಣು ಮಾಡಿ ನಾಲ್ಕನೇ ದಿನ ಅವನ ಮನೆಗೆ ಹೋದೆ. ದುಃಖದಲ್ಲಿರುವವನ ಮುಂದೆ ಆಡುವ ಮಾತಲ್ಲ ಅದು. ಆದರೂ ಆಡಿದೆ. ಸಾಹುಕಾರರ ಮೇಲಿನ ಸಿಟ್ಟನ್ನು ಅವನ ಮೇಲೆಯೇ ತೀರಿಸಿಕೊಂಡೆ. "ಚಾಚಾ, ಗುಳಿಗಿ ನುಂಗಿ ಹೆಣದಂಗ ಬಿದ್ದಾಂವ್ಗ ಇಷ್ಟ ದಿನಾ ಊದೀದಿ. ಇಲ್ಲಿ ಚಾಚಿ ಒಂದ್ ಹತ್ತ ಮಿನಿಟಕ್ಕ ದಾರಿ ಕಾಯ್ಕೋತ ಸತ್ಲು" ಎಂದೆ.

ಅವನು ಅಳಲಿಲ್ಲ, ಬೆಚ್ಚಲೂ ಇಲ್ಲ.

"ನಂಗೊತ್ತಿತ್ತು, ಜ್ಞಾನಬಾ. ಎರಡನೇ ವಾರದಾಗ ಆ ಗುಳಿಗಿ ನೋಡಿದ್ದೆ."

"ಗೊತ್ತಿತ್ತಾ? ಮತ್ತ ಎದ್ದು ಬರಬೇಕಿಲ್ಲೇನು?"

ಅವನು ಒಡೆದ ತುಟಿಯನ್ನು ಸವರಿಕೊಂಡ.

"ಕತ್ತಲಾದ್ರ ಆಕಿ ನರಳೂದು ನನಗ ಕೇಳಾಕ ಆಗ್ತಿದ್ದಿಲ್ಲ. ಅಲ್ಲಿ ಊದಕೋತ ಕುಂತ್ರ ಕೇಳಸ್ತಿದ್ದಿಲ್ಲ. ಇಲ್ಲಿ ಊದಾಕ ಕುಂತ್ರ ಆಕಿ ಮಕಾ ನೋಡಬೇಕಾಗ್ತಿತ್ತು."

ಸಾಹುಕಾರರು ಹೇಳಿಕಳಿಸಿದ್ದನ್ನು ಅವನಿಗೆ ಹೇಳಿದೆ: ಇವತ್ತಿನಿಂದ ಮತ್ತೆ ಬರಬೇಕಂತೆ.

"ಇನ್ನ ಯಾಕ ಹೋಗ್ಲಿ?" ಎಂದ ಜಮಾಲಸಾಬ. "ಈಗ ಮನಿ ಸುಮ್ನ ಐತಿ."