ವೈಶಾಲಿ ಅರ್ಧಕ್ಕ ಬಿಟ್ಟ ಕೊರಿಯಾದ ಕಥಿ

ಸತ್ತವರ ಹೆಸರು ಟಿವಿಯೊಳಗ ಬೆಳಕಾಗಿ ಮೂಡೋದನ್ನ ನಾ ಮೊದಲ ಸಲ ಕಂಡದ್ದು ಉಮರ್ಗಾದಾಗ. ಬಂದ ಮರುದಿನ ಮುಂಜಾನೆ ಧೂಳು ಒರಸಲಿಕ್ಕ ಹೋಗಿದ್ದೆ. ಕೈ ಯಾವ ಗುಂಡಿಗೆ ತಾಗಿತೋ ಏನೋ, ಕರಿ ಗಾಜು ಝಗ್ ಅಂತ ಹತ್ತಿಕೊಂಡಿತು. ನೋಡವರು ಯಾರು ಅಂತ ಕೇಳೋ ಹಂಗ ಮೂರು ಬಣ್ಣದ ಗೊಂಬಿ ಮಾರಿ, ಕೆಳಗ ಮೂರು ಹೆಸರು. ಮರಾಠಿ ಅಕ್ಷರ ನಾ ಕೂಡಿಸಿ ಕೂಡಿಸಿ ಓದಬಲ್ಲೆ. ಒಂದು ನನ್ನ ಮಗ ಶಿವಾನದು, ಒಂದು ಮೊಮ್ಮಗಳು ಸಾನಿಕಾಂದು. ಎಲ್ಲಕ್ಕಿಂತ ಮೊದಲು ವೈಶಾಲಿ. ನನ್ನ ಸೊಸಿ. ಆಕಿ ತೀರಿಕೊಂಡು ಆಗ ತಿಂಗಳೊಪ್ಪತ್ತು ಆಗಿತ್ತು.

ಕೈಯಾಗಿನ ಅರಿವಿ ಕೆಳಗ ಬಿತ್ತು. "ಯಾರೂ ಇಲ್ಲವ್ವಾ, ನಾನೇ," ಅಂದೆ. ಯಾರಿಗೆ ಅಂದೆ ಅಂತ ನನಗೇ ತಿಳೀಲಿಲ್ಲ.

ಔರಾದ ಶಹಾಜನಿಯ ನನ್ನ ಮಂದಿಗೆ ಇದನ್ನ ಓದಿ ನಗು ಬಂದೀತು. ಔರಾದದಿಂದ ಉಮರ್ಗಾಕ್ಕ ಹೋದವಳು ಸಮುದ್ರ ದಾಟಿದವಳ ಹಂಗ ಬರೀತಾಳಲ್ಲ ಅಂತ. ಖರೆ, ನಿಲಂಗಾದಾಗ ಬಸ್ ಬದಲಿಸಿದರ ಊಟದ ಹೊತ್ತಿಗೆ ಮುಟ್ಟಬಹುದು. ಆದರ ಔರಾದದಾಗ ನಾ ಅಯ್ನೋರ ಮನಿ ಅಮ್ಮ. ಕೂಸು ಹುಟ್ಟಿದರ ಲಿಂಗ ಕಟ್ಟಲಿಕ್ಕ ನಮ್ಮವರನ್ನ ಕರೀತಿದ್ದರು, ಹಿಂದ ನಾನೂ ಹೋಗುತ್ತಿದ್ದೆ. ಯಾವ ಮನಿಗೆ ಹೋದರೂ ಕೂಡಲಿಕ್ಕ ಮೊದಲ ಮಣಿ ನನಗ, ಮೊದಲ ತಾಟು ನನಗ. ಅವರು ತೀರಿಕೊಂಡ ಮ್ಯಾಲೂ ಆ ಮರ್ಯಾದಿ ಹೋಗಲಿಲ್ಲ. ಇಲ್ಲಿ ನಾ ಮೂರನೇ ಮಜಲಿನ ಆಜೀ. ಅಲ್ಲಿ ಹೊಸ್ತಿಲ ಮ್ಯಾಲ ನಿಂತು "ಅಮ್ಮಾರ" ಅಂದವರು ಒಳಗೇ ಬರುತ್ತಾರ. ಇಲ್ಲಿ ಬಾಗಿಲಿಗೆ ಒಂದು ತೂತು. ಅದರಾಗ ಒಂದು ಕಣ್ಣು ಇಟ್ಟು ನೋಡಿ, ಆಮ್ಯಾಲ ಮನುಷ್ಯರನ್ನ ಒಳಗ ಬಿಡಬೇಕು. ಕೆಳಗ ಪುಣೆ–ಹೈದರಾಬಾದ ರಸ್ತಾ. ದೊಡ್ಡ ಲಾರಿ ಹೋದರ ಸಾಲಾಗಿಟ್ಟ ಡಬ್ಬಿ ತಾವೇ ಒಂದಕ್ಕೊಂದು ತಾಗಿ ಮಾತಾಡುತಾವ.

ಆ ಡಬ್ಬಿಗಳೇ ನನ್ನನ್ನ ಹೆಚ್ಚು ಕಾಡಿದ್ದು. ವೈಶಾಲಿ ಎತ್ತರದ ಹೆಣ್ಣು. ಚಹಾಪುಡಿ, ಸಕ್ರಿ, ಉಪ್ಪು ಎಲ್ಲಾ ಆಕಿಯ ಕೈಗೆ ನಿಲುಕುವಲ್ಲಿ ಇದ್ದವು. ನಾ ಸ್ಟೂಲ್ ಹಾಕಿ ಹತ್ತಬೇಕು. ಕೆಳಗ ಇಳಿಸಿಡು ಅಂತ ಶಿವಾ ಅಂದ. ಮನಸು ಬರಲಿಲ್ಲ. ಉಪ್ಪು ಹುಡುಕಿದರ ಆಕಿ ಸಿಗುತ್ತಿದ್ದಳು. ಜೀರಿಗಿ ಹುಡುಕಿದರ ಆಕಿಯ ಕೂದಲ ಪಿನ್ನು ಸಿಗುತ್ತಿತ್ತು. ಬಾಳಿ ಬದುಕಿದ ಹೆಂಗಸಿನ ಮನಿಯೊಳಗ ಆಕಿಯನ್ನ ಕೇಳದೆ ಬಂದು ಕೂತಂಗ ಆಗಿತ್ತು ನನಗ.

ಭಾಷಾದ ಮಾತೂ ಹಂಗೇ. ವೈಶಾಲಿ ಲಾತೂರ ಕಡೆಯಾಕಿ, ಮನಿಯಾಗ ಮರಾಠಿ. ಶಿವಾನ ಟ್ರ್ಯಾಕ್ಟರ್ ಸ್ಪೇರ್ ಪಾರ್ಟಿನ ಅಂಗಡಿಯಾಗೂ ಮರಾಠಿ. ಇಲ್ಲಿ ಕನ್ನಡ ಬಲ್ಲವರು ಬಹಳ ಮಂದಿ ಇದ್ದಾರ, ಆದರ ಗುರುತಾಗೋ ತನಕ ಬಾಯಿ ಬಿಡೋದಿಲ್ಲ. ಒಮ್ಮೆ ಕಾಯಿಪಲ್ಯದಾಕಿಗೆ 'ಅಂಬಾಡಿ' ಕೊಡು ಅಂದೆ. ನಮ್ಮ ಪುಂಡಿಪಲ್ಯಕ್ಕ ಇಲ್ಲಿ ಹಂಗಂತಾರ. ಆಕಿ ಕಿಸಕ್ಕನೆ ನಕ್ಕು, "ಪುಂಡಿ ಅನ್ರೀ ಅಮ್ಮಾರ, ನಮ್ಮ ತವರೂ ಬೀದರ ಕಡೀನೇ," ಅಂದಳು. ಆ ದಿನ ನಾ ಮೂರು ಮಜಲು ಲಿಫ್ಟ್ ಇಲ್ಲದೇ ಹತ್ತಿದೆ, ಅಷ್ಟು ಹುರುಪು!

ಆದರ ಸಾನಿಕಾ ಮಾತಾಡುತ್ತಿರಲಿಲ್ಲ. ಎಂಟನೇ ಇಯತ್ತಾ ಕಲಿಯೋ ಹುಡುಗಿ. ಹೂಂ, ಊಹೂಂ, ಮುಗೀತು. ಭಾಕರಿ ಮುರೀತಿದ್ದಳು, ಬಾಯಿಗೆ ಹೋಗುತ್ತಿದ್ದದ್ದು ಗುಬ್ಬಿ ಪಾಲು. ಸಾಲಿಯಿಂದ ಬಂದವಳೇ ಟಿವಿ ಮುಂದ. ಒಂದೇ ಕಥಿ, ಕೊರಿಯಾ ದೇಶದ್ದು. ಒಂಬತ್ತನೇ ಭಾಗದ ತನಕ ನೋಡುತ್ತಿದ್ದಳು, ತಿರುಗಿ ಮೊದಲನೇದರಿಂದ ಸುರು. ಹತ್ತನೇದು ಬರಲಿಕ್ಕ ಹತ್ತಿತು ಅಂದರ ಓಡಿ ಬಂದ್ ಮಾಡುತ್ತಿದ್ದಳು, ಬೆಂಕಿ ಆರಿಸೋ ಹಂಗ.

"ಇದೇನು ಶಿವಾ, ನೋಡಿದ್ದೇ ನೋಡ್ತಾಳಲ್ಲ?" ಅಂದೆ.

ಶಿವಾ ನೆಲ ನೋಡಿಕೋತ ಅಂದ: "ತಾಯಿ ಮಗಳು ಕೂಡಿ ನೋಡ್ಲಕತ್ತಿದ್ರವ್ವಾ. ಒಂಬತ್ತು ಆಗಿತ್ತು, ಅಷ್ಟರಾಗ ವೈಶಾಲಿಗಿ ಆ ಜ್ವರ ಬಂತು. ಮುಂದಿಂದು ನೋಡಿದ್ರ ಅವ್ವನ್ನ ಬಿಟ್ಟು ಹೋದಂಗ ಆಗ್ತದಂತ. ನಾ ಹೇಳಿ ಸಾಕಾದೆ."

ಹಾಡಹಗಲೇ ನಮ್ಮ ಕೂಸು ಒಂದು ಕಥಿಯೊಳಗ ಸುತ್ತುತ್ತಾ ಇತ್ತು, ಹೊರಗ ಬರೋ ದಾರಿ ಕಂಡರೂ ಬರುತ್ತಿರಲಿಲ್ಲ. ಬಂದರ ತಾಯಿ ಒಳಗೇ ಉಳೀತಾಳ ಅಂತ ಅದರ ಹೆದರಿಕಿ. ಕೂಸನ್ನ ಎಳೆದು ತರಲಿಕ್ಕ ನನ್ನ ಕೈಲೆ ಆಗೋದಿರಲಿಲ್ಲ. ಹಂಗಾರ ನಾನೂ ಒಳಗ ಹೋಗೋದು ಅಂತ ಕೌದಿ ಹಾಸಿಕೊಂಡು ಟಿವಿ ಮುಂದ ಕೂತೆ.

ಮಾತು ತಿಳಿಯೋದಿಲ್ಲ, ಕೆಳಗ ಓಡೋ ಅಕ್ಷರ ಇಂಗ್ಲಿಷು. ಬರೇ ಮಾರಿ ನೋಡಿ ನಾನೇ ಕಥಿ ಕಟ್ಟಿಕೊಂಡೆ. ಒಬ್ಬಾಕಿ ಸಾಲಿ ಹುಡುಗರ ಅರಿವಿ ಹೊಲಿಯೋ ಟೇಲರ್, ಸಣ್ಣ ದುಕಾನ. ಒಬ್ಬ ದೊಡ್ಡ ಸಾವಕಾರನ ಮೊಮ್ಮಗ ಆ ಓಣಿ ಕೆಡವಿ ಮಾಲ್ ಕಟ್ಟಲಿಕ್ಕ ಬರುತಾನ. ಮೊದಲ ದಿನವೇ ಆಕಿ ಅವನ ಕೋಟಿನ ಮ್ಯಾಲ ಬಿಸಿ ಸಾರು ಚೆಲ್ಲುತಾಳ. ಮುಂದ ನಿಮಗ ಗೊತ್ತೇ ಅದ, ಪ್ರೀತಿ.

ಅದರಾಗ ಏನು ಸೆಳೆತ ಅದ ಅಂತೀರಿ? ನೋಡ್ರಿ, ಆ ಹುಡುಗಿ ಹೊಟ್ಟಿ ತುಂಬಾ ಉಣ್ಣುತಾಳ. ಗಲ್ಲ ಉಬ್ಬಿಸಿಕೊಂಡು, ಕೆಂಪು ಖಾರದ ಶಾವಿಗಿ ಸೊರ್ ಅಂತ ಎಳೀತಾಳ. ಹೆಣ್ಣು ಹುಡುಗಿ ಹಂಗ ಉಂಡರೂ ಯಾರೂ ಕಣ್ಣು ಬಿಡೋದಿಲ್ಲ. ಗಂಡಸು ಎದುರು ಕೂತು ತನ್ನ ಬಟ್ಟಲದಾಗಿಂದು ಎತ್ತಿ ಆಕಿಗೆ ಹಾಕುತಾನ. ನಮ್ಮ ಕಡೆ ಯಾವ ಗಂಡಸು ಹೆಂಡತಿ ಉಂಡಾಳೋ ಇಲ್ಲೋ ಅಂತ ತಿರುಗಿ ನೋಡಿದ್ದನ್ನ ನಾ ಕಂಡಿಲ್ಲ. ನಮ್ಮವರು ಊರಿಗೆಲ್ಲ ಆಶೀರ್ವಾದ ಮಾಡಿದವರು, ನನಗ "ಉಂಡಿಯಾ?" ಅಂತ ಕೇಳಿದ್ದು ನೆನಪಿಲ್ಲ. ಟಿವಿಯೊಳಗ ಅಂವ ಆಕಿಯ ಬೂಟಿನ ದಾರ ಬಗ್ಗಿ ಕಟ್ಟಿದಾಗ ನನ್ನ ಕಣ್ಣಾಗ ನೀರು ಬಂತು. ವೈಶಾಲಿಗೂ ಬಂದಿರಬೇಕು, ಇದೇ ಜಾಗಾದಾಗ ಕೂತು.

ಕೊರತಿ ಹೇಳಲಿಲ್ಲ ಅಂದರ ಅದೂ ಸುಳ್ಳಾಗುತದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಕ್ಕ ನಿಂತರ ಒಲಿ ಮ್ಯಾಲಿನ ಹಾಲು ಉಕ್ಕಿ ಒಲಿ ಆರಿ ಹೋದೀತು, ಅಷ್ಟು ಹೊತ್ತು. ಆಕಿ ಎಲ್ಲಿ ಎಡವಿದರೂ ಅಂವ ಅಲ್ಲೇ ಹಾಜರ್. ಅವನಿಗೆ ಬ್ಯಾರೆ ಕೆಲಸ ಇಲ್ಲೇನು? ಸಿಟ್ಟು ಬಂದು ಮಣಿಕಟ್ಟು ಹಿಡಿದು ದರದರ ಎಳೀತಾನ, ಅದನ್ನೂ ಪ್ರೀತಿ ಅಂತಾರ. ಆ ಊರಾಗ ನೆರೆಹೊರೆಯವರೇ ಇಲ್ಲ, ಮುಸುರಿ ಭಾಂಡೆ ಇಲ್ಲ, ಯಾವ ಜಾತಿ ಅಂತ ಕೇಳೋ ಮುದುಕಿ ಒಬ್ಬಳೂ ಇಲ್ಲ. ಆ ಟೇಲರ್ ಹುಡುಗಿಯ ತಾಯಿ ಸತ್ತಾಳ. ಒಂದು ಫೋಟೋ ತೋರಿಸಿ, ಒಂದು ಹನಿ ಕಣ್ಣೀರು ಹಾಕಿಸಿ, ಮುಂದಿನ ಸೀನಿನಾಗ ಹೊಸ ಅಂಗಿ ಹಾಕಿ ನಗಿಸುತಾರ. ಸಾವು ಅಷ್ಟು ಲಗೂನ ಮನಿ ಬಿಟ್ಟು ಹೋಗುತದೇನ್ರೀ?

ಎದುರಿನ ಬಾಗಿಲಿನ ಕಾಕು ಸಕ್ರಿ ಕೇಳಲಿಕ್ಕ ಬಂದಾಕಿ ನನ್ನನ್ನ ನೋಡಿ, "ಕಾಯ್ ಆಜೀ, ಕೋರಿಯಾಚಾ ಜಾವಯೀ ಬಘತಾಯ್ ಕಾ?" ಅಂದಳು. ಕೊರಿಯಾದ ಅಳಿಯನ್ನ ಹುಡುಕಲಕತ್ತೀರೇನು ಅಂತ.

"ಹುಡುಕಿನಿ, ಸಿಕ್ಕಾನ. ಆ ಹಾಲಿನ ಅಂಗಡಿ ಹುಡುಗ, ಭಾಳ ಛಲೋ," ಅಂದೆ, ಕಥಿಯೊಳಗಿನ ಇನ್ನೊಬ್ಬ ಹುಡುಗನ್ನ ತೋರಿಸಿ. "ಆಕಿ ಇವನ್ನೇ ಮಾಡ್ಕೋತಾಳ, ನೋಡ್ತಿರು."

ಹಿಂದಿನಿಂದ ದನಿ ಬಂತು. "ತುಲಾ ಕಾಹೀ ಕಳತ್ ನಾಹೀ, ಆಜೀ! ತೊ ಹೀರೋ ನಾಹೀಚ್!" ನಿನಗ ಏನೂ ತಿಳಿಯೋದಿಲ್ಲ, ಅಂವ ಹೀರೋನೇ ಅಲ್ಲ ಅಂತ. ನನ್ನ ಮೊಮ್ಮಗಳು ನನಗ ಬೈದಳ್ರೀ! ಅಷ್ಟು ಉದ್ದ ಬೈದಳು! ನಾ ಕೌದಿ ಮ್ಯಾಲ ಕೂತಲ್ಲೇ ಮನಿದೇವರು ಮಲ್ಲಯ್ಯಗ ಕೈ ಮುಗಿದೆ.

ಅಲ್ಲಿಂದ ಬೇಕಂತಲೇ ತಪ್ಪು ಹೇಳಲಿಕ್ಕ ಹತ್ತಿದೆ, ಆಕಿ ತಿದ್ದಲಿ ಅಂತ. ಆದರ ದೊಡ್ಡ ತಪ್ಪು ತಿಳೀದೇ ಮಾಡಿದ್ದು. ಕಥಿಯೊಳಗ ಒಂದು ಕಡೆ ಟೇಲರ್ ಹುಡುಗಿ ಮೇಜು ತುಂಬಾ ಹಣ್ಣು, ಮೀನು, ಸಿಹಿ ಜೋಡಿಸಿ, ನಟ್ಟನಡುವೆ ಅನ್ನದ ಬಟ್ಟಲದಾಗ ಚಮಚ ಸೆಟೆದು ನಿಲ್ಲಿಸಿ, ಎರಡೂ ಕೈಲೆ ನಮಸ್ಕಾರ ಮಾಡುತಾಳ. ಅದು ಹೀರೋಗ ಊಟಕ್ಕ ಕರೆದದ್ದು ಅಂದುಕೊಂಡಿದ್ದೆ. ನಾವು ಅನ್ನದಾಗ ಕುಳಿ ಮಾಡಿ ತುಪ್ಪ ಹಾಕೋ ಹಂಗ ಅವರು ಪ್ರೀತಿಯವರಿಗೆ ಚಮಚ ನೆಡುತಾರ ಅಂತ. ಸಾನಿಕಾನ ಹುಟ್ಟಿದ ದಿನ ಬಂತು. ಹುಗ್ಗಿ ಮಾಡಿದೆ, ಬಿಸಿ ಅನ್ನ ಬಟ್ಟಲಕ್ಕ ಹಾಕಿದೆ, ಚಮಚ ನೆಟ್ಟಗ ನಿಲ್ಲಿಸಿ ಎರಡೂ ಕೈಲೆ ಆಕಿ ಮುಂದ ಇಟ್ಟೆ.

ಹುಡುಗಿ ಮಾರಿ ಬೆಳ್ಳಗಾಯಿತು. "ಆಜೀ! ತೆ ಮೇಲೇಲ್ಯಾ ಮಾಣಸಾಂಸಾಠೀ ಅಸ್ತ!"

ಅದು ಸತ್ತವರಿಗೆ ಇಡೋದು.

ಹುಟ್ಟಿದ ದಿನ ಜೀವಂತ ಕೂಸಿಗೆ ಸತ್ತವರ ಎಡಿ ಇಟ್ಟಿದ್ದೆ! ಚಮಚ ಕಿತ್ತು ಒಗೆದೆ, ಉಪ್ಪು ಮೆಣಸಿನಕಾಯಿ ಹಿಡಿದು ಆಕಿಯ ಸುತ್ತ ದೃಷ್ಟಿ ಇಳಿ ತೆಗೆದೆ, "ಹೋಗಲಿ, ಹೋಗಲಿ, ನನ್ನ ಕಣ್ಣು ಹೋಗಲಿ," ಅನಕೋತ ಸ್ಟೂಲಿಗೆ ಎಡವಿ ಗೋಡೆ ಹಿಡಿದು ನಿಂತೆ. ಸಾನಿಕಾ ನನ್ನನ್ನೇ ನೋಡಿದಳು. ತುಟಿ ಅಲ್ಲಾಡಿತು. ಆಮ್ಯಾಲ ನಕ್ಕಳು. ಹೊಟ್ಟಿ ಹಿಡಕೊಂಡು ನಕ್ಕಳು. ನಗು ಯಾವಾಗ ಅಳು ಆಯಿತೋ ತಿಳೀಲಿಲ್ಲ. ನನ್ನ ಉಡಿಯಾಗ ತಲಿ ಇಟ್ಟು ಬಿಕ್ಕಿದಳು, ಮೊದಲ ಸಲ.

ಕಣ್ಣು ಒರಸಿಕೊಂಡು ಚಮಚ ಹುಡುಕಿ ತಂದು ತಾನೇ ತೊಳೆದಳು. ಅನ್ನದಾಗ ತಿರುಗಿ ನಿಲ್ಲಿಸಿ ಬಟ್ಟಲ ಟಿವಿ ಪಕ್ಕ ಇಟ್ಟಳು.

"ಆಮ್ಯಾಲ ಅದನ್ನ ಏನ್ ಮಾಡ್ತಾರ ಅವರು?" ಅಂದೆ.

"ಘರಚೇಚ್ ಉಣ್ತಾರ, ಆಜೀ." ಮನಿಯವರೇ ಉಣ್ತಾರ ಅಂತ, ಅರ್ಧ ಮರಾಠಿ, ಅರ್ಧ ಕನ್ನಡ.

"ನಮ್ಮಲ್ಲೂ ಹಂಗೇ ಅದವ್ವಾ," ಅಂದೆ.

ಆ ಸಂಜಿ ಹತ್ತನೇ ಭಾಗ ಬಂದಾಗ ಸಾನಿಕಾ ಬಂದ್ ಮಾಡಲಿಲ್ಲ. ಅರ್ಧ ಆದ ಮ್ಯಾಲ ಆ ಅನ್ನ ಇಬ್ಬರೂ ಹಂಚಿಕೊಂಡು ಉಂಡೆವು. ಖರೆ ಹೇಳತೀನಿ, ನಾವು ಮೂವರು ನೋಡಲಕತ್ತೀವಿ ಅಂತ ನನ್ನ ಮೈಗೆ ಗೊತ್ತಾಗುತಿತ್ತು. ಹೆದರಿಕಿ ಆಗಲಿಲ್ಲ.

ನಾಕಾರು ದಿನದಾಗ ಕಥಿ ಮುಗೀತು. ಲಾರಿ ಬಡಿದು ಅಂವ ಆಕಿಯನ್ನ ಮರೆತ, ಮತ್ತ ನೆನಪಾಯಿತು, ಮಾಲ್ ಕಟ್ಟಲಿಲ್ಲ. ಲಗ್ನಕ್ಕ ಬಂದು ನಿಲ್ಲಿಸಿಬಿಟ್ಟರು. ಬಾಳುವೆ ಸುರು ಆಗೋ ಜಾಗಾದಾಗ. ಮರುದಿನ ಸಾನಿಕಾ ಭಾಕರಿ ಎರಡು ತಿಂದಳು, ಮತ್ತ ಅಂದಳು: "ಆಈಗೆ ಹೇಳಬೇಕು." ಅವ್ವಗ ಅಂತ.

ವೈಶಾಲಿ ಈಗ ಔರಾದದಾಗ ಇದ್ದಾಳ, ನಮ್ಮ ಹೊಲದಾಗ, ನಮ್ಮವರ ಬಾಜೂಕ. ಆಕಿ ನನ್ನ ಊರಿಗೆ ಹೋದಳು, ನಾ ಆಕಿಯ ಮನಿಗೆ ಬಂದೆ; ಹಿಂಗ ಅದಲ ಬದಲ ಆಗ್ಯದ. ನಮ್ಮಲ್ಲಿ ಸತ್ತವರನ್ನ ಮಲಗಿಸೋದಿಲ್ಲ, ಅಂಗೈಯಾಗ ಲಿಂಗ ಇಟ್ಟು ಕೂಡಿಸಿ ಮಣ್ಣು ಕೊಡುತೀವಿ. ಐತವಾರ ಹೋದೆವು. ಸಾನಿಕಾ ಆ ಮಣ್ಣಿನ ಎದುರು ಚಪ್ಪಲಿ ಬಿಟ್ಟು ಕೂತಳು. ತಾಯಿ ಕೆಳಗ ಕೂತಾಳ, ಮಗಳು ಮ್ಯಾಲ ಕೂತಾಳ, ಎದುರಾ ಎದುರು. ಹತ್ತನೇ ಭಾಗದಿಂದ ಹದಿನಾರನೇದರ ತನಕ ಬಿಡದೆ ಹೇಳಿದಳು, ಕೈ ಮಾಡಿ, ದನಿ ಬದಲಿಸಿ. ಕೊನೀಗೆ ಅಂದಳು: "ಕೊನೀದು ಅಷ್ಟೇನು ಛಲೋ ಇಲ್ಲ ಆಈ, ಹಾಲಿನ ಹುಡುಗನೇ ಬೇಕಿತ್ತು ಅಂತ ಆಜೀಗೂ ಅನಿಸ್ಯದ."

ಅಷ್ಟರಾಗ ಓಣಿಯವರು ನನ್ನ ನೋಡಿ ಬದುವಿನ ತನಕ ಓಡಿ ಬಂದರು. "ಅಮ್ಮಾರ, ಬಂದ್ರ್ಯಾ? ನಡ್ರಿ, ಕೀಲಿ ತೆಗೀತೀವಿ, ಇರ್ರಿ ನಾಕು ದಿನ." ಅಲ್ಲಿಂದ ನನ್ನ ಮನಿಯ ಮಾಳಿಗಿ ಕಾಣುತಿತ್ತು. ಅಲ್ಲಿಯ ಒಂದೊಂದು ಡಬ್ಬಿ ನಾ ಕಣ್ಣು ಮುಚ್ಚಿ ಮುಟ್ಟಬಲ್ಲೆ. ಕಾಲು ಆ ಕಡೆಗೇ ತಿರುಗಿದ್ದವು.

ಸಾನಿಕಾ ಮಣ್ಣು ಝಾಡಿಸಿಕೊಂಡು ಎದ್ದು ನನ್ನ ಕೈ ಹಿಡಿದಳು. "ಚಲ್ ಆಜೀ, ಘರೀ ಜಾಊ." ನಡಿ, ಮನಿಗೆ ಹೋಗೋಣ.

ಅವರಿಗೆ ಬರತೀನಿ ಅಂದೆ, ವೈಶಾಲಿಗೂ ಬರತೀನವ್ವಾ ಅಂದೆ. ನಿಲಂಗಾದ ಬಸ್ಸು ಬಂತು, ಹತ್ತಿ ಕೂತೆ.