ಬೆನ್ನ ಹಿಂದಿನ ಗಂಟು

2004ರ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ದೆಹಲಿಯಲ್ಲಿ ಯಮುನಾ ದಂಡೆ ರಕ್ಷಣೆಯ ಕಾಮಗಾರಿಗೆ ಸಹಾಯಕ ಎಂಜಿನಿಯರ್ ಆಗಿದ್ದೆ. ಕುಸಿದ ದಂಡೆಗೆ ಕಲ್ಲು ತುಂಬಬೇಕಿತ್ತು. ಕೆಸರಿನಲ್ಲಿ ಟ್ರ್ಯಾಕ್ಟರ್ ಹೂತುಹೋಗುತ್ತಿತ್ತು, ದೋಣಿಯ ಮೋಟಾರಿಗೆ ಅಂತರಗಂಗೆ ಸುತ್ತಿಕೊಳ್ಳುತ್ತಿತ್ತು. ಹಾಗಾಗಿ ಕಲ್ಲು ಹೇರಿದ ಬಾರ್ಜನ್ನು, ಅಂದರೆ ಚಪ್ಪಟೆ ತಳದ ದೊಡ್ಡ ದೋಣಿಯನ್ನು, ಆರು ಮಂದಿ ದಂಡೆಯ ಮೇಲೆ ನಡೆಯುತ್ತಾ ಹಗ್ಗ ಕಟ್ಟಿ ಹರಿವಿಗೆ ಎದುರಾಗಿ ಎಳೆಯುತ್ತಿದ್ದರು. ರೈಲು, ಸ್ಟೀಮರ್ ಬರುವ ಮುಂಚೆ ಉತ್ತರದ ನದಿಗಳಲ್ಲಿ ಎಷ್ಟೋ ಸರಕು ಹೀಗೇ ಸಾಗುತ್ತಿತ್ತು. ಲೋಧಿ ಕಾಲೋನಿಯ ಮನೆಯಲ್ಲಿ ಇದನ್ನು ಹೇಳಿದಾಗ ಮಗಳು ನಂಬಲಿಲ್ಲ.

"ಪಪ್ಪಾ, ಅದೆಲ್ಲಾ ಹಿಸ್ಟರಿ ಬುಕ್‌ನಲ್ಲಿ ಅಲ್ವಾ? ಅಬ್ ಕೌನ್ ಕರ್ತಾ ಹೈ?"

ಈಗಲೂ ಮಾಡುತ್ತಿದ್ದರು, ಅದೂ ಮೆಟ್ರೋ ಸೇತುವೆ ಕಣ್ಣಿಗೆ ಕಾಣುವ ಜಾಗದಲ್ಲೇ. ಪ್ರತಿಯೊಬ್ಬನ ಎದೆಗೆ ಕ್ಯಾನ್ವಾಸ್ ಪಟ್ಟಿ, ಪಟ್ಟಿಯಿಂದ ದೊಡ್ಡ ಹಗ್ಗಕ್ಕೆ ಕೊಂಡಿ.

ನಾನು ಮೊದಲ ಸಲ ಸ್ಥಳಕ್ಕೆ ಹೋದ ದಿನವೇ ಮೇಲಿನ ಬ್ಯಾರೇಜಿನಿಂದ ನೀರು ಬಿಟ್ಟಿದ್ದರು. ಬಾರ್ಜಿನ ಮೂತಿ ನಡುನೀರಿಗೆ ತಿರುಗಿತು. ಸಾಲಿನ ಕೊನೆಯಲ್ಲಿದ್ದ ಬಿರ್ಜುವಿನ ಕಾಲಡಿಯ ಮಣ್ಣು ಕುಸಿದು ಅವನು ನೀರಿಗೆ ಬಿದ್ದ. ಹಗ್ಗ ಅವನನ್ನು ಒಳಕ್ಕೆಳೆಯಿತು. ಉಳಿದ ಐವರು ಹಿಮ್ಮಡಿ ಊರಿ ನಿಂತರು. ಬಾರ್ಜಿನ ಮೇಲಿದ್ದ ಗುತ್ತಿಗೆದಾರನ ಮೇಸ್ತ್ರಿಯ ಕೈಯಲ್ಲಿ ಕೊಡಲಿ ಇತ್ತು.

"ಹಗ್ಗ ಕಡಿ!" ಎಂದು ಕಿರುಚಿದೆ.

"ಬಾರ್ಜ್ ಹೋಗುತ್ತೆ ಸಾಬ್. ಮಾಲೀಕರನ್ನ ಒಂದು ಮಾತು ಕೇಳ್ತೀನಿ."

ಆ ಪುಣ್ಯಾತ್ಮ ಜೇಬಿನಿಂದ ಮೊಬೈಲ್ ತೆಗೆದ. ಮಾಲೀಕ ಕಡಿ ಅಂದನೋ ಬೇಡ ಅಂದನೋ ನನಗೆ ಗೊತ್ತಿಲ್ಲ. ಮೇಸ್ತ್ರಿ ಕಡಿಯುವ ಹೊತ್ತಿಗೆ ಬಿರ್ಜುವಿನ ತಲೆ ಮೇಲೆ ಬರುವುದು ನಿಂತಿತ್ತು.

ಹೆಣ ಎಳೆದು ಹಾಕಿದಾಗ ಕಂಡಿತು: ಪಟ್ಟಿಯ ಗಂಟು ಬೆನ್ನಿನ ನಡುವೆ, ಅವನ ಕೈಗೇ ಸಿಗದ ಕಡೆ. ಎಲ್ಲರದ್ದೂ ಹಾಗೇ. ಬೆಳಿಗ್ಗೆ ಒಬ್ಬರಿಗೊಬ್ಬರು ಕಟ್ಟಿಕೊಳ್ಳುವ ಪದ್ಧತಿಯಂತೆ. ಬಿರ್ಜುವಿಗೆ ಕಟ್ಟಿದ್ದು ಅವನ ಸ್ವಂತ ಅಣ್ಣ ಲಖನ್.

ಪೊಲೀಸರು ಆಕಸ್ಮಿಕ ಸಾವು ಎಂದು ಬರೆದುಕೊಂಡು ಹೋದರು. ನನಗೆ ಮೈಯೆಲ್ಲ ಉರಿಯಿತು. ಮೇಸ್ತ್ರಿಯನ್ನು ಓಡಿಸಿದೆ. ಇನ್ನು ಮೇಲೆ ಗಂಟು ಎದೆಯ ಮೇಲೆ, ಅದೂ ಒಂದೇ ಎಳೆತಕ್ಕೆ ಬಿಚ್ಚುವಂಥದ್ದು ಎಂದು ಆದೇಶ ಹೊರಡಿಸಿದೆ. ನಾನೇ ನಿಂತು ಕಟ್ಟಲು ಕಲಿಸಿದೆ. ಉಳಿದ ಐವರೂ ತಲೆಯಾಡಿಸಿದರು.

ಕೆಲಸ ಮತ್ತೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಹೇಳದೆ ಹೋದೆ. ಹೊಸ ಮೇಸ್ತ್ರಿ ದೂರದಲ್ಲಿ ಚಹಾ ಕುಡಿಯುತ್ತಿದ್ದ, ಒತ್ತಾಯಿಸುವವರು ಯಾರೂ ಇರಲಿಲ್ಲ. ಬಿರ್ಜುವಿನ ಜಾಗಕ್ಕೆ ಬಂದ ಹೊಸಬನ ಬೆನ್ನಿನ ಮೇಲೆ ಲಖನ್ ಗಂಟು ಬಿಗಿಯುತ್ತಿದ್ದ. ಬಿಗಿದು, ಜಗ್ಗಿ ನೋಡಿದ.

"ನಿನ್ನ ತಮ್ಮ ಸತ್ತದ್ದು ಇದರಿಂದಲೇ ಅಲ್ಲವೇನೋ!" ಎಂದು ರೇಗಿದೆ.

ಅವನು ನನ್ನ ಮುಖ ನೋಡಲಿಲ್ಲ. "ಬಾರ್ಜ್ ತಿರುಗಿದಾಗಲೇ ಅವನು ಬಿಚ್ಕೊಂಡು ಹೋಗಿದ್ರೆ ಅವನ ಪಾಲಿನ ಭಾರವೂ ನಮ್ಮ ಮೇಲೇ ಬೀಳ್ತಿತ್ತು ಸಾಬ್. ನಾವು ಐದೂ ಜನ ನೀರಿಗೆ ಹೋಗ್ತಿದ್ವಿ."

ಸಿಟ್ಟು ಎಲ್ಲಿ ಹೋಯಿತೋ, ಭಯವಾಯಿತು. ಆರು ಜನ ಎಳೆಯಬಾರದ ಭಾರ ಹಾಗೇ ಇತ್ತು, ನನ್ನ ಆದೇಶ ಬದಲಿಸಿದ್ದು ಗಂಟನ್ನು ಮಾತ್ರ. ಭಾರ ಇಳಿಸದೆ ಬರೆದ ಸುರಕ್ಷತಾ ನಿಯಮವನ್ನು ಆ ಭಾರ ಹೊರುವವರೇ ಮುರಿಯುತ್ತಾರೆ. ಇದನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ಅಂದೇ ಬಾರ್ಜ್ ನಿಲ್ಲಿಸಿದೆ. ಕೂಲಿ ಹೋಯಿತೆಂದು ನನಗೆ ಶಾಪ ಹಾಕುತ್ತಾ ಅವರೆಲ್ಲ ದಂಡೆ ಹತ್ತಿದರು. ಹೊಸಬ ಮಾತ್ರ ಪಟ್ಟಿ ಕಟ್ಟಿಕೊಂಡೇ ನಿಂತಿದ್ದ, ಯಾರಾದರೂ ಬಂದು ಬಿಚ್ಚಲಿ ಎಂದು.